ಜಡೆ ಬಿಚ್ಚಿ ಬಾ ಅಂದರು

3 ನವೆಂಬರ್ 2014, ಸೋಮವಾರ. ಬೆಳಿಗ್ಗೆ 5.10

ಬಲಗಡೆ ಕೂದಲಿಗೆ ಇಸ್ತ್ರಿ ಆಯಿತು. ಎಡಗಡೆ ಬಾಕಿ. ದೀಕ್ಷಿತಾ ಬಾತ್‌ರೂಮ್ ಬಾಗಿಲು ಬಡಿಯುತ್ತಿದ್ದಾಳೆ. ಎರಡು ವರ್ಷದಿಂದ ದುಬೈ ಕರಾಮದ ಈ ರೂಮಿನಲ್ಲಿ ಜೊತೆಗಿದ್ದಾಳೆ, ಸುಟ್ಟ ಕೂದಲಿನ ವಾಸನೆಗೆ ಇನ್ನೂ ಒಗ್ಗಿಲ್ಲ. ಉಡುಪಿಯವಳು. ಬಾಚಣಿಗೆ ಇಟ್ಟರೆ ಸಾಕು, ಅವಳ ಕೂದಲು ತಾನಾಗಿ ಕೆಳಗಿಳಿಯುತ್ತದೆ. ನನ್ನದು ಕಾದ ಕಬ್ಬಿಣಕ್ಕೆ ಮಾತ್ರ ಬಗ್ಗುತ್ತದೆ.

6.30ಕ್ಕೆ ಜಿಮ್ಮಿನಲ್ಲಿ ಲೇಡೀಸ್ ಬ್ಯಾಚ್. ಹದಿನಾಲ್ಕು ಹೆಂಗಸರು ಬೆವರುತ್ತಾರೆ. ಟ್ರೈನರ್ ಅನ್ನಾ, ಅಂದರೆ ನಾನು, ಎಸಿ ಕೆಳಗೆ ನಿಂತು ಎಣಿಸುತ್ತೇನೆ. ಒಂದು ಸಲ ಮಾಡಿ ತೋರಿಸುವುದು, ಮತ್ತೆ ಗಾಳಿಗೆ ನಿಲ್ಲುವುದು. ಬೆವರಿದರೆ ಬುಡದಿಂದ ಸುರುಳಿ ಏಳುತ್ತದೆ, ಮತ್ತೆ ಇಸ್ತ್ರಿ. ಧಾರವಾಡದ ಕಾಲೇಜಿನಲ್ಲಿ ಸಾವಿರದೈನೂರು ಮೀಟರ್ ಓಡುತ್ತಿದ್ದವಳು. ದುಬೈಗೆ ಬಂದ ಮೇಲೆ ಒಂದು ದಿನವೂ ಓಡಿಲ್ಲ. ಕೇಳಿದವರಿಗೆ ಮೊಣಕಾಲು ನೋವು ಅನ್ನುತ್ತೇನೆ.

ಎಡ ಹಣೆಯಂಚಿನಲ್ಲಿ ಕೂದಲೇ ಇಲ್ಲ. ಹೆಬ್ಬೆರಳಿಟ್ಟರೆ ಮುಚ್ಚುವಷ್ಟು ಜಾಗ. ನಿನ್ನೆ ಇರಲಿಲ್ಲ... ಅಥವಾ ನೋಡಿರಲಿಲ್ಲ.

7 ನವೆಂಬರ್, ಶುಕ್ರವಾರ

ನೈಫ್ ಬಜಾರಿಗೆ ಹೋಗಿದ್ದು ಬ್ಯಾಗಿನ ಜಿಪ್ ರಿಪೇರಿಗೆ. ಗಲ್ಲಿಯ ಬಾಯಲ್ಲಿ ಒಬ್ಬಳು ಜಡೆಗಳ ಫೋಟೋ ಹಿಡಿದು ನಿಂತಿದ್ದಳು. ನನ್ನನ್ನು ನೋಡಿ ಸ್ವಾಹಿಲಿಯಲ್ಲಿ ಏನೋ ಕೇಳಿದಳು. ಗೊತ್ತಿಲ್ಲ ಅಂದೆ. ಇಂಗ್ಲಿಷಿಗೆ ಬಂದಳು.

"ಯಾವ ದೇಶ, ಸಿಸ್ಟರ್?"

"ಇಂಡಿಯಾ."

"ಸರಿ. ಈಗ ನಿಜ ಹೇಳು."

ಹೇಳಿದೆ. ನಮ್ಮ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ಗೋವೆಗೆ ತಂದಿದ್ದರಂತೆ. ತಪ್ಪಿಸಿಕೊಂಡು ಹಳಿಯಾಳದ ಕಾಡು ಸೇರಿದರು. ನಮ್ಮನ್ನು ಸಿದ್ದಿ ಅನ್ನುತ್ತಾರೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಅವಳು ಪೂರ್ತಿ ಕೇಳಿಸಿಕೊಂಡಳು. ನಂತರ ಕೈ ನೇರವಾಗಿ ನನ್ನ ಹಣೆಯ ಬೋಳಿನ ಹತ್ತಿರ ಬಂತು, ಮುಟ್ಟಲಿಲ್ಲ.

"ಇದನ್ನು ಯಾರು ಮಾಡಿದ್ದು?"

"ನಾನೇ."

ಹೆಸರು ವಂಜಿರು. ಕೀನ್ಯಾದ ನಕುರು ಊರಿನವಳು. ಎರಡನೇ ಮಹಡಿಯಲ್ಲಿ ಒಂದೇ ಕೋಣೆಯ ಸಲೂನ್. ನಾಲ್ಕು ಗಂಟೆ ಕೂತೆ. ನೆತ್ತಿಗೆ ಅಂಟಿಸಿ ಹೆಣೆದ ಹದಿನೆಂಟು ಸಾಲು, ಹಣೆಯಿಂದ ಕುತ್ತಿಗೆಯವರೆಗೆ. ಉದುರಿದ ಜಾಗದ ಸುತ್ತ ಹೆಣೆಯಲಿಲ್ಲ, ಬಿಟ್ಟಳು. "ನೋವಾದರೆ ಹೇಳು. ನೋವಾಯಿತು ಅಂದರೆ ನಾನು ತಪ್ಪು ಮಾಡ್ತಿದ್ದೀನಿ ಅಂತ."

ಯಾರೂ ಹೀಗೆ ಹೇಳಿರಲಿಲ್ಲ. ಅಮ್ಮ ಬಾಚುವಾಗ ನನ್ನ ತಲೆಯನ್ನು ಮೊಣಕಾಲ ನಡುವೆ ಒತ್ತಿ ಹಿಡಿಯುತ್ತಿದ್ದಳು. ಹಾಸ್ಟೆಲಿನಲ್ಲಿ ಹೇನು ಅಂತ ಬೋಳಿಸಿದರು — ಹೇನು ಇದ್ದದ್ದು ಪಕ್ಕದ ಮಂಚದವಳಿಗೆ.

ಮತ್ತೆ ಓಡಬಹುದಾ ಅಂತ ಕೇಳಿದೆ. ಅದಕ್ಕೇ ತಾನೇ ಜಡೆ, ಅಂದಳು. ಮಲಗುವಾಗ ಸ್ಯಾಟಿನ್ ಬಟ್ಟೆ ಕಟ್ಟಬೇಕು. ಓಡಿ ಬಂದ ಮೇಲೆ ಬೆವರು ಒಣಗಲು ಬಿಟ್ಟು ಬೈತಲೆ ಸಾಲುಗಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ವಾರಕ್ಕೊಮ್ಮೆ ನೀರು ಬೆರೆಸಿದ ಶಾಂಪೂ. ಮೊದಲು ನೀರು, ಆಮೇಲೆ ಸ್ವಲ್ಪವೇ ಎಣ್ಣೆ. ಆರು ವಾರಕ್ಕೆ ಬಿಚ್ಚಬೇಕು, ಆಸೆಪಟ್ಟು ಏಳನೇ ವಾರಕ್ಕೆ ಎಳೆಯಬಾರದು.

10 ನವೆಂಬರ್

ಝಬೀಲ್ ಪಾರ್ಕ್ ಸುತ್ತ ಓಡಿದೆ. ಎರಡನೇ ಸುತ್ತಿಗೆ ಉಸಿರು ಕಟ್ಟಿತು, ಹೊಟ್ಟೆ ಹಿಡಿದುಕೊಂಡಿತು. ಬೆವರು ನೆತ್ತಿಯಿಂದ ಬೈತಲೆ ಹಿಡಿದು ಇಳಿದು ಕುತ್ತಿಗೆಗೆ ಬಂತು. ತಡೆಯಲಿಲ್ಲ. ಬರಲಿ ಅಂತ ಬಿಟ್ಟೆ.

11 ನವೆಂಬರ್

ಬಾಸ್ ದ್ವಾರಕನಾಥ ಸರ್ ರಿಸೆಪ್ಷನ್‌ನಲ್ಲೇ ನಿಲ್ಲಿಸಿದರು. ಮಂಗಳೂರಿನವರು, ಕೆಟ್ಟವರಲ್ಲ.

"ಇದೆಂತ ಅನ್ನಾ ಇದು?"

"ಜಡೆ ಸರ್."

"ಅದು ಕಾಣ್ತದೆ. ಕ್ಲೈಂಟ್ಸ್ ಕೇಳ್ತಾರೆ ಮಾರಾಯ್ತಿ. ಮೊದಲಿನ ಹಾಗೆ ನೀಟಾಗಿ ಬಾ."

"ಇದು ನೀಟೇ ಐತ್ರಿ ಸರ್. ಒಂದು ಎಳೆ ಹಾರಾಡ್ತಿದ್ರ ತೋರಿಸ್ರಿ."

ಹುಡುಕಿದರು. ಸಿಗಲಿಲ್ಲ. ಫೋನ್ ಬಂತು ಅಂತ ಒಳಗೆ ಹೋದರು. ಬ್ಯಾಚಿನಲ್ಲಿ ಹೆಂಗಸರ ಜೊತೆ ಪೂರ್ತಿ ನಲವತ್ತು ನಿಮಿಷ ನಾನೂ ಮಾಡಿದೆ. ಎಸಿ ಕೆಳಗಿನ ಜಾಗ ಖಾಲಿ.

24 ನವೆಂಬರ್

ಬರೆಯಲು ನಾಚಿಕೆ. ಆದರೂ.

ಬೆಳಿಗ್ಗೆ ತಲೆ ತೊಳೆದು, ತಡವಾಯಿತು ಅಂತ ಒದ್ದೆಯಲ್ಲೇ ಬಟ್ಟೆ ಕಟ್ಟಿಕೊಂಡು ಹೋದೆ. ಬ್ಯಾಚಿನಲ್ಲಿ ಆ ತಲೆಬಟ್ಟೆ ಬಿಚ್ಚಿದೆ. ಹಿಂದಿನ ಸಾಲಿನಿಂದ ಕನ್ನಡದಲ್ಲೇ ಕೇಳಿಸಿತು, "ಎಂತ ವಾಸನೆ ಮಾರಾಯ್ತಿ. ಇವ್ರು ತಿಂಗಳುಗಟ್ಟಲೆ ತೊಳೆಯುದೇ ಇಲ್ಲಂತೆ." ನನಗೆ ಕನ್ನಡ ಬರುತ್ತದೆ ಅನ್ನುವುದನ್ನೇ ಮರೆತಿದ್ದರು.

ತಿರುಗಿ ಹೇಳಿದೆ, "ಇವತ್ತೇ ತೊಳೆದಿದ್ದೀನ್ರಿ. ಒಣಗಿಸ್ಲಿಲ್ಲ, ಅದು ನನ್ನ ತಪ್ಪು. ಬೆನ್ನು ನೇರ ಇಟ್ಕೊಳ್ರಿ, ಇನ್ನೂ ಹತ್ತು ಐತಿ."

ಎಣಿಕೆ ತಪ್ಪಲಿಲ್ಲ.

ಮುಗಿದ ಮೇಲೆ ಆಮಿನ ಹತ್ತಿರ ಬಂದರು. ಬಂಟ್ವಾಳ ಕಡೆಯ ಬ್ಯಾರಿ ಹೆಂಗಸು, ಬ್ಯಾಚಿನಲ್ಲಿ ಹೆಚ್ಚು ಮಾತಾಡದವರು. "ನನ್ನದೂ ಇದೇ ಕಥೆ ಅನ್ನಾ. ಬೆವರಿದ ತಲೆ ಮೇಲೆ ಶಾಲು ಕಟ್ಕೊಂಡು ಹೋಗುದು. ಮನೆ ಮುಟ್ಟುವಾಗ ತುರಿಕೆ. ಅದಕ್ಕೇ ವಾರದಲ್ಲಿ ಎರಡು ದಿನ ತಪ್ಪಿಸುದು." ಇಬ್ಬರೂ ಲಾಕರ್ ರೂಮಿನಲ್ಲಿ ಫ್ಯಾನಿನ ಮುಂದೆ ತಲೆ ಬಗ್ಗಿಸಿ ಕೂತೆವು. ಒಣಗಿದ ಮೇಲೇ ಹೊರಗೆ ಬಂದೆವು.

18 ಡಿಸೆಂಬರ್

ಭಾನುವಾರ ಜಿಮ್ಮಿನ ಬ್ರೋಷರ್‌ಗೆ ಫೋಟೋ. ಸರ್ ಹೇಳಿದ್ದು ಇಷ್ಟೇ — "ಆ ಜಡೆ ಬಿಚ್ಚಿ ಬಾ." ಆಯ್ತು ಸರ್, ಅಂದೆ.

19 ಡಿಸೆಂಬರ್, ಶುಕ್ರವಾರ

ಆರು ವಾರ ತುಂಬಿತು. ಬಿಚ್ಚಿದೆ. ಮೊದಲ ಸಾಲಿಗೇ ಕೈ ತುಂಬ ಕೂದಲು. ಹೆದರಿ ವಂಜಿರುಗೆ ಫೋನ್ ಮಾಡಿದೆ. ದಿನಾ ಉದುರಬೇಕಾದದ್ದು ಜಡೆಯೊಳಗೇ ಸಿಕ್ಕಿಕೊಂಡಿತ್ತು, ಈಗ ಒಟ್ಟಿಗೆ ಬಂತು, ಹೋಗಿ ಊಟ ಮಾಡು ಅಂದಳು.

ಹಣೆಯ ಬೋಳಿನಲ್ಲಿ ಸಣ್ಣ ಸಣ್ಣ ಸುರುಳಿ ಹುಟ್ಟಿವೆ. ಮೆತ್ತಗಿವೆ.

ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ತುಂಬ ಹೊತ್ತು ನೋಡಿದಳು. "ಇಸ್ತ್ರಿ ಪೆಟ್ಟಿಗೆ ಹಾಳಾಯ್ತಾ?"

"ಇಲ್ಲ. ಬಿಟ್ಟೆ."

"ಯಾರ ಹಾಗೆ ಕಾಣ್ತೀ ಗೊತ್ತಾ?"

"ನಿನ್ನ ಹಾಗೆ."

ಅವಳು ಸೆರಗನ್ನು ತಲೆಯಿಂದ ಜಾರಿಸಿದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ನನಗೆ ಗೊತ್ತೇ ಇರಲಿಲ್ಲ.

21 ಡಿಸೆಂಬರ್, ಭಾನುವಾರ

ಜಡೆ ಬಿಚ್ಚಿಯೇ ಹೋದೆ. ಬಾಚಿ ಎತ್ತಿ ಬಿಟ್ಟಿದ್ದೆ. ಎಲ್ಲ ದಿಕ್ಕಿಗೂ ನಿಂತಿತ್ತು.

ಫೋಟೋಗ್ರಾಫರ್ ಸ್ಟೀಫನ್ ಕ್ಯಾಮೆರಾ ಇಳಿಸಿ ಎರಡು ಹೆಜ್ಜೆ ಹಿಂದೆ ಹೋದ. "ಫ್ರೇಮಲ್ಲಿ ಹಿಡೀತಾ ಇಲ್ಲ, ಒಂದ್ನಿಮಿಷ."

ಸರ್ ಮುಖ ಕೆಂಪಾಯಿತು. "ಅನ್ನಾ, ಎಂತ ಇದು?"

"ಬಿಚ್ಚಿ ಬಾ ಅಂದ್ರಲ್ರೀ ಸರ್."

ನನ್ನ ಫೋಟೋ ಬೇಡ ಅಂದರು. ಸ್ಟೀಫನ್ ಅಷ್ಟರಲ್ಲಿ ಒಂದು ತೆಗೆದುಬಿಟ್ಟಿದ್ದ.

12 ಜನವರಿ 2015

ಫೆಬ್ರವರಿಯಲ್ಲಿ ಕಾಂಟ್ರ್ಯಾಕ್ಟ್ ಮುಗಿಯುತ್ತದೆ, ವೀಸಾ ಕೂಡ. ರಿನ್ಯೂವಲ್ ಪೇಪರ್ ಬಂತು. ನಿಂತೇ ಓದಿದೆ. ಒಂಬತ್ತನೇ ಸಾಲು ಹೊಸದು — ಟ್ರೈನರ್ ಕೂದಲು ನೇರವಾಗಿರಬೇಕು, ಇಲ್ಲವೇ ಮುಚ್ಚಿರಬೇಕು.

"ಇದು ಎಲ್ರಿಗೂ ಐತೇನ್ರಿ ಸರ್?"

"ಬೇರೆಯವರದ್ದು ಹೇಗೂ ನೇರವೇ ಅಲ್ವಾ."

ಪೆನ್ ಕೇಳಿದೆ. ಒಂಬತ್ತನೇ ಸಾಲಿನ ಮೇಲೆ ಗೆರೆ ಎಳೆದೆ. ಕೆಳಗೆ ಸಹಿ ಮಾಡಿ ಅವರ ಕಡೆ ತಳ್ಳಿದೆ.

"ಇದು ಹೀಗೆ ನಡೆಯುದಿಲ್ಲ ಅನ್ನಾ."

"ಸಹಿ ನಂದೇ ಸರ್. ಗೆರೀನೂ ನಂದೇ."

ರೂಮಿಗೆ ಬಂದು ಹೇಳಿದೆ. ದೀಕ್ಷಿತಾ ತಲೆ ಮೇಲೆ ಕೈ ಇಟ್ಟಳು. "ಕೂದಲಿಗೋಸ್ಕರ ವೀಸಾ ಕ್ಯಾನ್ಸಲ್ ಮಾಡಿಸ್ಕೊಳ್ತೀಯಾ? ಹುಚ್ಚಾ ನಿಂಗೆ?"

"ನಿನಗೆ ಯಾರಾದ್ರೂ ನಾಳೆಯಿಂದ ಗುಂಗುರು ಮಾಡ್ಕೊಂಡು ಬಾ, ಇಲ್ಲಾಂದ್ರ ಕೆಲಸ ಇಲ್ಲ ಅಂದ್ರ?"

ಅವಳು ಎದ್ದು ಚಹಾ ಮಾಡಿದಳು. ನನಗೂ ಮಾಡಿದಳು.

23 ಜನವರಿ, ಶುಕ್ರವಾರ

ಓಟದ ಸ್ಪರ್ಧೆ, ಹತ್ತು ಕಿಲೋಮೀಟರ್. ವಂಜಿರು ಬುಧವಾರವೇ ಹೊಸದಾಗಿ ಹೆಣೆದಿದ್ದಳು, ಬಿಗಿ ಮಾಡದೆ. ಏಳನೇ ಕಿಲೋಮೀಟರ್‌ನಲ್ಲಿ ಕಾಲು ಸತ್ತೇ ಹೋಯಿತು. ಪಕ್ಕದಲ್ಲಿ ಓಡುತ್ತಿದ್ದವಳು "ಯಲ್ಲಾ, ಯಲ್ಲಾ" ಅಂದಳು, ಅರಬಿಯಲ್ಲಿ ನಡಿ ನಡಿ ಅಂತ. ಯಾರೋ ಏನೋ. ಮುಗಿಸಿದೆ. ಐವತ್ತೊಂದು ನಿಮಿಷ. ಕಾಲೇಜಿನ ಅನ್ನಾ ನೋಡಿದ್ದರೆ ನಗುತ್ತಿದ್ದಳು. ನಗಲಿ. ಎರಡು ವರ್ಷ ಅವಳೂ ಎಸಿ ಕೆಳಗೆ ನಿಲ್ಲಲಿ, ಆಮೇಲೆ ಮಾತಾಡೋಣ.

ಪೇಪರ್ ಬಗ್ಗೆ ಸರ್ ಇನ್ನೂ ಬಾಯಿ ಬಿಟ್ಟಿಲ್ಲ.

1 ಫೆಬ್ರವರಿ

ಆಮಿನರ ತಂಗಿ ಫರ್ಝಾನ ಅಬುಧಾಬಿಯಲ್ಲಿ ಟೀಚರ್. ಮೊಹಮ್ಮದ್ ಬಿನ್ ಜಾಯೆದ್ ಸಿಟಿ ಕಡೆ ಒಂದು ಇಂಡಿಯನ್ ಸ್ಕೂಲು. ಅಲ್ಲಿನ ಪಿಟಿ ಮಿಸ್ ಹೆರಿಗೆಗೆ ಊರಿಗೆ ಹೋದವರು ಬರುವುದಿಲ್ಲವಂತೆ. ಇವತ್ತು ಇಂಟರ್‌ವ್ಯೂ. ಬಸ್ಸಿನಲ್ಲಿ ಹೋಗುವಾಗ ಸ್ಕಾರ್ಫ್ ಕಟ್ಟಿಕೊಳ್ಳಲಾ ಅಂತ ಮೂರು ಸಲ ಯೋಚಿಸಿದೆ. ಬ್ಯಾಗಿನಲ್ಲೇ ಉಳಿಯಿತು.

ಪ್ರಿನ್ಸಿಪಾಲ್ ಮೇಡಂ ಸರ್ಟಿಫಿಕೇಟ್ ನೋಡಿದರು. ತಲೆ ನೋಡಿದರು. "ಇದು ಹೀಗೇ ಇರುತ್ತದಾ?"

"ಆರು ವಾರಕ್ಕೊಮ್ಮೆ ಬಿಚ್ಚಿ ಬೇರೆ ಥರ ಹಾಕ್ತೀನಿ ಮೇಡಂ. ನೇರ ಮಾಡೋದಿಲ್ಲ. ಅದನ್ನ ಈಗಲೇ ಹೇಳೋದು ಒಳ್ಳೇದು."

ಕನ್ನಡಕ ತೆಗೆದರು. "ಬಿಸಿಲಲ್ಲಿ ಮಕ್ಕಳ ಜೊತೆ ನೀವೂ ಓಡ್ತೀರಾ, ನೆರಳಲ್ಲಿ ನಿಲ್ತೀರಾ?"

"ಓಡ್ತೀನಿ."

5 ಫೆಬ್ರವರಿ, ಗುರುವಾರ

ಅಬುಧಾಬಿಯಿಂದ ಆಫರ್ ಲೆಟರ್ ಬೆಳಿಗ್ಗೆ ಬಂತು. ಮಧ್ಯಾಹ್ನ ಸರ್ ಕರೆದರು. ಮೇಜಿನ ಮೇಲೆ ಹೊಸ ಪೇಪರ್. ಒಂಬತ್ತನೇ ಸಾಲು ಇಲ್ಲ.

"ಆಮಿನ ಮೇಡಂ, ಮತ್ತೆ ಆರು ಜನ ಬಂದು ಕೂತರು. ನೀನಿಲ್ಲದಿದ್ರೆ ಅವರೂ ಇಲ್ಲವಂತೆ. ಹೋಗ್ಲಿ, ಸಹಿ ಹಾಕು."

ಎರಡು ಸಲ ಓದಿದೆ. ಕಣ್ಣು ತುಂಬಿತು, ಅದೊಂದು ಬೇಕಿರಲಿಲ್ಲ.

"ಆ ಸಾಲು ತೆಗೆದದ್ದು ಒಳ್ಳೇದಾತು ಸರ್. ನನ್ನ ಜಾಗಕ್ಕ ಬರೋಳಿಗೆ ಇದೇ ಪೇಪರ್ ಕೊಡ್ರಿ."

ಬ್ಯಾಗಿನಿಂದ ಅಬುಧಾಬಿಯ ಆಫರ್ ಲೆಟರ್ ತೆಗೆದು ಅದರ ಮೇಲೆ ಇಟ್ಟೆ. ಸರ್ ಅದನ್ನು ಓದಿ ನನ್ನ ಕಡೆ ತಳ್ಳಿದರು. ಕೊನೆಗೆ, "ನಿನ್ನ ಫೋಟೋ ಸ್ಟೀಫನ್ ಹತ್ರ ಉಂಟು. ಚೆನ್ನಾಗೇ ಬಂದಿದೆ," ಅಂದರು.

17 ಫೆಬ್ರವರಿ, ಮಂಗಳವಾರ. ಸ್ಕೂಲ್ ಮೈದಾನ, 9.40

ಇಂಟರ್‌ವಲ್. ಎಂಟನೇ ಕ್ಲಾಸಿನವರು ಬರಬೇಕು. ನಿನ್ನೆ ಅವರಲ್ಲಿ ಒಬ್ಬಳು, ಅಶ್ಮಿತಾ, ಹುಟ್ಟು ಗುಂಗುರು ಕೂದಲಿನ ಹುಡುಗಿ, ಚಪ್ಪಲಿ ಹಾಕಿಕೊಂಡು ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ಕೇಳಿದರೆ, "ಮಿಸ್, ಐ ಕಾಂಟ್. ಮೈ ಹೇರ್. ನಿನ್ನೆಯಷ್ಟೇ ಮಮ್ಮಿ ಐರನ್ ಹಾಕಿ ಸ್ಟ್ರೇಟ್ ಮಾಡಿದ್ದು." ಬೈಯಲಿಲ್ಲ. ಪಕ್ಕದಲ್ಲಿ ಕೂತು ಅರ್ಧ ಗಂಟೆ ಮಾತಾಡಿದೆ. ಗಂಟೆ ಹೊಡೆದಾಗ ಅವಳು ಎದ್ದು ಕ್ಲಾಸಿಗೆ ಹೋದಳು.

ಸಾಲಾಗಿ ಬರ್ತಿದ್ದಾರೆ. ಇದ್ದಾಳೆ, ಕೊನೆಯಲ್ಲಿ. ತಲೆ ತೊಳೆದು ಬಂದಿದ್ದಾಳೆ, ಸುರುಳಿ ಎಲ್ಲ ವಾಪಸ್ ಎದ್ದಿದೆ. ಕಾಲಿಗೆ ಶೂ. ಅಂದರೆ ಇವತ್ತು ಅವಳು ಓಡ್ತಾಳೆ. ನಾನೂ ಹೊರಟೆ.