ಮೆಟ್ಟಿಲ ಬೆಂಚಿನಿಂದ ನಮ್ಮತ್ತೆಯನ್ನು ಎಬ್ಬಿಸ ಹೊರಟವರಿಗೆ

ಪುರಾತನ ಕಟ್ಟಡಗಳ ಸಂರಕ್ಷಣಾ ಮಂಡಳಿಯ ಅಧ್ಯಕ್ಷರೇ,

ನಮ್ಮ ಚರ್ಚಿನ ಮುಂದಿನ ಬೆಂಚನ್ನು ಬಿಚ್ಚಿ, ಅದರ ಹಲಗೆಗಳಿಂದ ಎಡಗೋಡೆಯ ಹೊರಗೆ ಹಳೆಯ ಮೆಟ್ಟಿಲನ್ನು ಮತ್ತೆ ಕಟ್ಟಬೇಕೆಂದು ತಾವು ಆದೇಶಿಸಿದ್ದೀರಿ. ಕಟ್ಟಲು ನಾವು ಬಿಡುವುದಿಲ್ಲ.

ಕಳೆದ ಶತಮಾನಕ್ಕೂ ಹಿಂದೆ ಈ ನಗರದ ಅರ್ಧ ಚರ್ಚುಗಳನ್ನು ಕಟ್ಟಿಸಿದ ಥೇಡಿಯಸ್ ಲೋರಿಂಗ್ ದೊಡ್ಡ ವಾಸ್ತುಶಿಲ್ಪಿ, ಒಪ್ಪಿದೆ. ಆತನ ಗೋಪುರ ಕಂಡರೆ ನನಗೂ ಎದೆಯುಬ್ಬುತ್ತದೆ. ಚಂಡಮಾರುತಕ್ಕೆ ಅದರ ತಗಡು ಹಾರಿದಾಗ ಮೀನು ಹುರಿದು ಮಾರಿ ಮತ್ತೆ ಹೊದಿಸಿದವರು ನಾವೇ. ಆದರೆ ಆತನ ನಕ್ಷೆಯಲ್ಲಿ ದಾರಿ ಎರಡು: ಬಿಳಿಯ ಯಜಮಾನರಿಗೆ ಕಂಬಗಳ ನಡುವಿನ ಮುಂಬಾಗಿಲು, ಅವರ ಗುಲಾಮರಿಗೆ ಹೊರಗೋಡೆಗೆ ಆನಿಸಿದ ಮರದ ಮೆಟ್ಟಿಲು, ಅದರ ತುದಿಗೆ ಅವರು ಕೂರಲೊಂದು ಅಟ್ಟ. ದೇವರ ಮನೆಗೂ ಹಿತ್ತಲ ದಾರಿಯಿಟ್ಟ ಪುಣ್ಯಾತ್ಮ. ಗುಲಾಮರಿಗೆ ಬಿಡುಗಡೆಯಾದ ಮೇಲೆ ಯಜಮಾನರು ಬೇರೆ ಚರ್ಚು ನೋಡಿಕೊಂಡರು. ಕಟ್ಟಡ ಕೊಂಡವರು ಆ ಗುಲಾಮರೇ ಆಗಿದ್ದ ನಮ್ಮ ಹಿರಿಯರು; ಅವರು ಮೊದಲು ಆ ಮೆಟ್ಟಿಲು ಕಿತ್ತರು. ಅವೇ ಹಲಗೆಗಳಿಂದ ಬೆಂಚು ಮಾಡಿ ಎಲ್ಲಕ್ಕಿಂತ ಮುಂದೆ ಹಾಕಿದರು. ಸಭೆಯ ಅತಿ ಹಿರಿಯ ಹೆಂಗಸು ಅಲ್ಲಿ ಕೂರುವುದು ಅಂದಿನಿಂದ ವಾಡಿಕೆ. ಮಗು ಹುಟ್ಟಿದರೆ ಮೊದಲು ಆಕೆಯ ಮಡಿಲಿಗೆ ಹಾಕುತ್ತೇವೆ. ತುಳಿದು ತುಳಿದು ಸವೆದ ಗುಳಿಗಳು ಹಲಗೆಯಲ್ಲಿ ಇನ್ನೂ ಇವೆ.

ತಮಗೆ ಇದು 'ವಿರೂಪ'. ಮೂಲ ಮರ ಉಳಿದಿರುವುದರಿಂದ ಮೂಲ ಸ್ಥಾನಕ್ಕೆ ಮರಳಿಸಬೇಕಂತೆ. ಹಾಗಾದರೆ ನಾವೂ ಮೂಲ ಸ್ಥಾನಕ್ಕೆ ಮರಳಬೇಕೇ?

ತಮ್ಮ ತಜ್ಞರು ಭಾನುವಾರ ಅಳತೆಪಟ್ಟಿ ಹಿಡಿದು ಬಂದಾಗ ಬೆಂಚಿನ ಮೇಲೆ ನನ್ನ ಸೋದರತ್ತೆ ವರ್ಡೆಲ್ ಕೂತಿದ್ದರು.

"ಅಮ್ಮಾ, ಸ್ವಲ್ಪ ಏಳ್ತೀರಾ? ಅಳತೆ ತಗೋಬೇಕು."

"ಯಾತಕ್ಕಪ್ಪಾ?"

"ಈ ಹಲಗೆ ಮೆಟ್ಟಿಲಿಂದು. ವಾಪಸ್ ಅಲ್ಲೇ ಹಾಕ್ತೀವಿ. ಜನ ಇತಿಹಾಸ ತಿಳ್ಕೋಬೇಕಲ್ವಾ?"

"ನಮ್ಮಜ್ಜಿಯ ತಾಯಿ ಹತ್ತಿದ್ದು ಇದನ್ನೇ. ನಾ ಇದ್ರ ಮೇಲೆ ಕೂತಿರೋದು ಕಂಡ್ರೆ ತಿಳಿಯಲ್ವೇನೋ ಮಗಾ? ಹೋಗು, ಹೊರಗೆ ಸೀಗಡಿ ಅನ್ನ, ಬೆಂಡೆಕಾಯಿ ಇದೆ, ಉಂಡು ಹೋಗು. ನಾ ಏಳಲ್ಲ."

ಉಂಡರು, ಎರಡನೇ ಸಲವೂ ಹಾಕಿಸಿಕೊಂಡರು. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ಇವರು ಬೆಂಚಿನ ಹಲಗೆ ಎಣಿಸಿಕೊಂಡು ಹೋದರು. ಬೆನ್ನಿಗೇ ತಮ್ಮ ಆದೇಶ ಬಂತು.

ಆ ಮೆಟ್ಟಿಲನ್ನು ನಾವು ಮುಚ್ಚಿಟ್ಟಿಲ್ಲ, ಮರೆತೂ ಇಲ್ಲ. ಅದನ್ನು ಏನು ಮಾಡಬೇಕೆಂದು ಹತ್ತಿದವರೇ ತೀರ್ಮಾನಿಸಿದ್ದಾರೆ. ಆ ತೀರ್ಮಾನ ತಿದ್ದಲು ತಾವು ಯಾರು? ಇದನ್ನು ಕೇಳುವಾಗ ನನಗೆ ಸಿಟ್ಟು ಬಂದಿದೆ, ಬಂದಿಲ್ಲವೆಂದು ನಟಿಸುವುದಿಲ್ಲ.

ಆದೇಶವನ್ನು ಹಿಂತೆಗೆದುಕೊಳ್ಳಿ. ಇಲ್ಲವೇ ಬರುವ ಭಾನುವಾರ ತಾವೇ ಬನ್ನಿ. ಮುಂಬಾಗಿಲಿಂದಲೇ ಬನ್ನಿ, ತೆಗೆಯುವವಳು ನಾನೇ. ಮುಂದಿನ ಬೆಂಚಿನವರೆಗೆ ಕರೆದೊಯ್ಯುತ್ತೇನೆ. ಆಮೇಲೆ ಸಭೆಯೆಲ್ಲ ನೋಡುತ್ತಿರುವಾಗ, ನಮ್ಮತ್ತೆಗೆ ಏಳಿ ಎಂದು ತಾವೇ ಹೇಳಿ.

ಇಂತಿ,
ಬಿಳಿ ಕೈಗವಸು ತೊಟ್ಟು, ಚರ್ಚಿಗೆ ಬಂದವರನ್ನು ಜಾಗ ತೋರಿಸಿ ಕೂರಿಸುವುದಷ್ಟೇ ಗೊತ್ತಿರುವ, ಎಬ್ಬಿಸಲು ಬಾರದ
ಅಲ್ಥಿಯಾ ಸಿಮನ್ಸ್