ನಂದಗಡದ ದಾರಿಯಲ್ಲಿ ಇನ್ನೂ ಕೂತಿರುವ ಹುಲಿ

ಬೆಳಗಾವಿ, ಕ್ಯಾಂಪ್
ತಾ. 4 ಜನವರಿ 2025, ಶನಿವಾರ

ಖಾನಾಪುರದ ಮಹಾಮೌನಿ, ನನ್ನ ಒಬ್ಬನೇ ತಮ್ಮ ನಾಗಲಿಂಗನಿಗೆ ಕಾಂತಕ್ಕನ ಆಶೀರ್ವಾದ.

ನಾವಿಲ್ಲಿ ಕ್ಷೇಮ. ನೀನೂ ಕ್ಷೇಮವೆಂದು ನಿನ್ನ ಹೆಂಡತಿ ದಾನೇಶ್ವರಿಯಿಂದ ತಿಳಿಯಿತು. ಅವಳು ಫೋನ್ ಎತ್ತುತ್ತಾಳೆ, ಅವಳ ಗಂಡ ಎತ್ತುವುದಿಲ್ಲ. ಮೂವತ್ತು ವರ್ಷ ಟೆಲಿಫೋನ್ ಕಚೇರಿಯಲ್ಲಿ ಕೂತು ಊರವರ ಮಾತಿಗೆಲ್ಲ ತಂತಿ ಜೋಡಿಸಿದವಳು ಒಡಹುಟ್ಟಿದವನಿಗೆ ಅಂಚೆಯಲ್ಲಿ ಕಾಗದ ಹಾಕುವ ಹೊತ್ತು ಬಂತು. ಬಸ್ಸು ಹತ್ತಿದರೆ ಒಂದು ತಾಸಿನ ದಾರಿ, ನೀನೇ ಬರಬಹುದಿತ್ತಲ್ಲ ಅನ್ನಬೇಡ. ಹಿರಿಯಕ್ಕನ ಪದವಿಗೆ ಒಂದು ಘನತೆ ಇದೆ. ನಾನೇನೂ ನಿನ್ನ ದಾರಿ ಕಾಯುತ್ತ ಕೂತಿಲ್ಲ, ಇದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ.

ನನಗೆ ಪುರಸೊತ್ತಾದರೂ ಎಲ್ಲಿ? ನಿವೃತ್ತಿಯಾದವರ ಬಿಡುವು ಎಂಬುದು ಮನೆಮಂದಿಗೆಲ್ಲ ಸೇರಿದ ಸಾರ್ವಜನಿಕ ಆಸ್ತಿ. "ಅವ್ವಾ, ಖಾಲಿ ಕುಂದರಬ್ಯಾಡ, ಏನರೆ ಕಲಿ" ಅಂತ ಮಗಳು ಸೃಷ್ಟಿ ಅಪ್ಪಣೆ ಮಾಡಿದಳು. ಯೋಗಕ್ಕೆ ಹೋದೆ. ಶವಾಸನದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ, ಆದರೆ ಗೊರಕೆಯ ಕಾರಣಕ್ಕೆ ಹಿಂದಿನ ಸಾಲಿಗೆ ಕಳಿಸಿದರು. ನಗೆಕೂಟಕ್ಕೆ ಸೇರಿದೆ. ಅಲ್ಲಿ ಸುಮ್ಮಸುಮ್ಮನೆ ನಗಬೇಕಂತೆ. ಅದು ನಮ್ಮ ಮನೆತನದಲ್ಲೇ ಇಲ್ಲ. ನಮಗೆ ನಗಲು ಒಂದು ಬುಟ್ಟಿ ಶೇಂಗಾ ಬೇಕು, ನಿನ್ನಂಥ ಒಬ್ಬ ಸುಳ್ಳುಗಾರ ಬೇಕು.

ಶೇಂಗಾ ಅಂದಾಗ ನೆನಪಾಯಿತು ನೋಡು. ಸಂಕ್ರಾಂತಿಯ ಹೋಳಿಗೆಗೆಂದು ಒಂದು ಚೀಲ ಶೇಂಗಾ ತರಿಸಿದ್ದೇನೆ, ಸಿಪ್ಪೆ ಸಮೇತ. "ಸುಲಿದದ್ದ ಅಂಗಡ್ಯಾಗ ಸಿಗತೈತಲ್ರಿ ಅತ್ತಿ" ಅಂದ ಅಳಿಯ ಶಶಿಧರ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು, ಪಾಪ. ಸುಲಿದ ಶೇಂಗಾ ಸಿಗುತ್ತದೆ, ಸುಲಿಯುತ್ತ ಕೂರುವ ಸಂಜೆ ಯಾವ ಅಂಗಡಿಯಲ್ಲಿ ಸಿಗುತ್ತದೆ?

ಖಾನಾಪುರದ ಮನೆಯ ಪಡಸಾಲೆಯಲ್ಲಿ ಅವ್ವ ಹಾಕಿದ ಕಾನೂನು ನೆನಪಿದೆಯಲ್ಲ? ಕಥೆ ಹೇಳುವವನಿಗೆ ಸುಲಿಯುವುದು ಮಾಫಿ. ಆ ಕಾನೂನಿನ ಪೂರ್ತಿ ಲಾಭ ಪಡೆದ ಏಕೈಕ ಪ್ರಜೆ ನೀನು. ನಮ್ಮ ಹೆಬ್ಬೆರಳು ಕೆಂಪಾಗುತ್ತಿದ್ದವು, ನಿನ್ನ ನಾಲಿಗೆ ಮಾತ್ರ ದುಡಿಯುತ್ತಿತ್ತು. ಕಥೆಯಾದರೂ ಯಾವುದು? ಯಾವಾಗಲೂ ಅದೊಂದೇ. ಅಪ್ಪ ನಂದಗಡದ ಸಂತೆ ಮುಗಿಸಿ ಸೈಕಲ್ ಮೇಲೆ ಬರುವಾಗ ಕತ್ತಲಾಯಿತು, ದಾರಿಗೆ ಅಡ್ಡ ಹುಲಿ ಕೂತಿತ್ತು, ಅಪ್ಪ ಗಂಟೆ ಬಾರಿಸಿದ, ಹುಲಿ ಎದ್ದು ದಾರಿ ಬಿಟ್ಟಿತು. ಆದರೆ ನೀನು ಶೇಂಗಾದ ರಾಶಿ ನೋಡಿ ಹುಲಿಯ ಅಳತೆ ಹಾಕುತ್ತಿದ್ದೆ. ಒಂದು ಮೊರದಷ್ಟಿದ್ದರೆ ಸಾಧಾರಣ ಹುಲಿ. ಅರ್ಧ ಚೀಲವಿದ್ದರೆ ಅದರ ಬಾಲ ರಸ್ತೆ ದಾಟಿ ಗಟಾರದವರೆಗೆ. ನನ್ನ ಮದುವೆಯ ವರ್ಷ ಚೀಲಗಟ್ಟಲೆ ಸುಲಿಯುವುದಿತ್ತು, ಆಗ ಹುಲಿಯ ಹೆಂಡತಿಯೂ ಬಂದು ಬಾಜೂಕ್ಕೆ ಕೂತಳು.

ಕೊನೆಯ ಮಾತು ಮಾತ್ರ ಎಂದೂ ನಿನ್ನದಲ್ಲ. ನೀನು "ಹುಲಿ ದಾರಿ ಬಿಡ್ತು" ಅಂದು ನಿಲ್ಲಿಸಬೇಕು. ಅವ್ವ ಸೆರಗಿನ ಸಿಪ್ಪೆ ಕೊಡವಿಕೊಂಡು ಏಳುತ್ತ ಅನ್ನಬೇಕು: "ಬಿಡದ ಏನ್ ಮಾಡೀತು? ಮನ್ಯಾಗ ನಾ ಕಾಯ್ಕೊಂತ ಕುಂತೀನಂತ ಅದಕ್ಕೂ ಗೊತ್ತಿತ್ತು." ಆಗಲೇ ಅಪ್ಪ ಮನೆ ಮುಟ್ಟಿದ ಲೆಕ್ಕ. ಅವ್ವ ಹೋದ ಮೇಲೆ ಅವಳ ಕೈಯ ಬಂಗಾರದ ಬಿಲ್ವಾರ ದಾನೇಶ್ವರಿಗೆ ಹೋಯಿತು, ಆ ಮಾತು ನನ್ನ ಪಾಲಿಗೆ ಬಂತು. ನನಗೆ ನಷ್ಟವಾಯಿತೆಂದು ಒಂದು ದಿನವೂ ಅನಿಸಿಲ್ಲ.

ದೀಪಾವಳಿಗೆ ನಮ್ಮ ಮನೆಯಲ್ಲಿ ಆದದ್ದು ಇಬ್ಬರಿಗೂ ಗೊತ್ತು, ಆದರೂ ಇತಿಹಾಸಕ್ಕಾಗಿ ಬರೆಯುತ್ತೇನೆ. ನೀನು ಕಥೆಯಲ್ಲಿ ಗಂಟೆ ಬಾರಿಸುವವರೆಗೆ ಬಂದಿದ್ದೆ. ಅಷ್ಟರಲ್ಲಿ ನಮ್ಮ ವಿಜ್ಞಾನಿ ಬಾಯಿ ತೆಗೆದ: "ಮಾಮಾರ, ಅಷ್ಟ್ ದೊಡ್ಡ ಹುಲಿ ಸೈಕಲ್ ಗಂಟಿಗೆ ಹೆದರತೈತೇನ್ರಿ? ಅದು ನಾಯಿ ಇದ್ದಿರಬೇಕು." ಮನೆಯೆಲ್ಲ ನಕ್ಕಿತು. ನೀನು ಚಹಾದ ಕಪ್ಪು ಕೆಳಗಿಟ್ಟು, "ನಮ್ಮಪ್ಪ ನಾಯಿಗೆ ಅಂಜಾಂವಲ್ಲ" ಅಂದು ಚಪ್ಪಲಿ ಮೆಟ್ಟಿ ಹೊರಟೆ. ಅವತ್ತಿನಿಂದ ಮಾತಿಲ್ಲ. ಅಂಗಡಿಯನ್ನು ಮಗನ ಕೈಗೆ ಕೊಟ್ಟು ನಿನಗೂ ಈಗ ಬಿಡುವೇ ಬಿಡುವು. ಆ ಬಿಡುವನ್ನೆಲ್ಲ ಸಿಟ್ಟಿಗೇ ಸುರಿಯುತ್ತಿದ್ದೀಯೆ. "ಅಕ್ಕಾರ, ಇವ್ರು ಟಿವಿ ಮುಂದ ಕುಂತ್ರ ಟಿವಿನ ಇವ್ರನ್ನ ನೋಡತೈತ್ರಿ" ಅನ್ನುತ್ತಾಳೆ ದಾನೇಶ್ವರಿ.

ಹೋದ ವಾರ ಮೊಮ್ಮಗಳು ಸಮೃದ್ಧಿ ಶೇಂಗಾ ಚೀಲದ ಮುಂದೆ ಕೂತು "ಅಜ್ಜಿ, ಹುಲಿ ಕಥಿ ಹೇಳು" ಅಂದಳು. ಹೇಳಿದೆ. ಒಂದು ಹಿಡಿ ಶೇಂಗಾ ಸುಲಿಯುವುದರೊಳಗೆ ಮುಗಿದುಹೋಯಿತು. "ಬಾಲ ಯಾವ ಕಡೆ ಇತ್ತು?" ಅಂದಳು. ಎಡಕ್ಕೆ ಅಂದೆ. "ಇಲ್ಲ, ನಾಗಲಿಂಗಜ್ಜ ಬಲಕ್ಕಂತ ಹೇಳಿದ್ದ" ಅಂತ ನನ್ನನ್ನೇ ತಿದ್ದಿದಳು. ಇನ್ನು ಅವ್ವನ ಮಾತು. ಅದು ಬಾಯಿಗೆ ಬರಲೇ ಇಲ್ಲ. ಕಥೆ ಹೇಳಿದವರೇ ಅದನ್ನೂ ಹೇಳಿದರೆ ತನಗೆ ತಾನೇ ಆರತಿ ಬೆಳಗಿಕೊಂಡ ಹಾಗೆ. ಹುಡುಗಿ ಕೇಳಿದಳು: "ಹಂಗಾರ ಮುತ್ತಜ್ಜ ಮನಿಗೆ ಬಂದ್ನೋ ಇಲ್ಲೋ?"

ಬಂದಿಲ್ಲ, ನಾಗಲಿಂಗ. ನೀನು ಅರ್ಧಕ್ಕೆ ಬಿಟ್ಟು ಎದ್ದ ದೀಪಾವಳಿಯಿಂದ ಅಪ್ಪ ಸೈಕಲ್ ಹಿಡಿದುಕೊಂಡು ಹುಲಿಯ ಮುಂದೆ ಅಲ್ಲೇ ನಿಂತಿದ್ದಾನೆ. ಈಗ ಚಳಿ ಬೇರೆ. ನಿನ್ನ ಕಥೆಯಲ್ಲಿ ಅವನಿಗೆ ಒಂದು ಮಫ್ಲರ್ ಕೂಡ ಇಲ್ಲ.

ಇಲ್ಲಿ ಒಂದು ಸಣ್ಣ ತಿದ್ದುಪಡಿ. ಮೇಲೆ ಘನತೆ ಅಂತೇನೋ ಬರೆದೆನಲ್ಲ, ಅದು ಪೂರ್ತಿ ಖರೇ ಅಲ್ಲ. ಬುಧವಾರ ನಾನು ಖಾನಾಪುರದ ಬಸ್ ಸ್ಟ್ಯಾಂಡಿನವರೆಗೆ ಬಂದಿದ್ದೆ. ಗಿರ್ಮಿಟ್ ತಿಂದೆ, ಚಹಾ ಕುಡಿದೆ, ನಿನಗೆ ಬೈಯಬೇಕಾದ್ದನ್ನೆಲ್ಲ ಒಮ್ಮೆ ಮನಸ್ಸಿನಲ್ಲೇ ಬೈದು ನೋಡಿದೆ. ಆಮೇಲೆ, ನೀನು ಬಾಗಿಲು ತೆಗೆದು "ಬಾ" ಅನ್ನದೆ ನಿಂತರೆ ಏನು ಮಾಡುವುದು ಎಂಬ ಯೋಚನೆ ಬಂತು. ಬೆಳಗಾವಿಯ ಬಸ್ಸು ನಿಂತಿತ್ತು, ಹತ್ತಿದೆ.

ಹನ್ನೆರಡನೇ ತಾರೀಖು ರವಿವಾರ ಶೇಂಗಾ ಸುಲಿಯುತ್ತೇವೆ. ಹುಲಿಯನ್ನು ನಾಯಿ ಮಾಡಿದ ತಪ್ಪಿಗೆ ಶಶಿಧರನನ್ನು ಎಲ್ಲಕ್ಕಿಂತ ದೊಡ್ಡ ರಾಶಿಯ ಮುಂದೆ ಕೂರಿಸುವುದೆಂದು ಠರಾವಾಗಿದೆ. "ಮಾಮಾರು ಬರ್ಲಿ, ಹುಲಿ ಎಷ್ಟರೆ ದೊಡ್ಡದಿರ್ಲಿ, ನಾ ತುಟಿ ಪಿಟಕ್ಕನ್ನಂಗಿಲ್ರಿ" ಅಂತ ಅವನೂ ಒಪ್ಪಿದ್ದಾನೆ. ನಿನಗೆ ಸುಲಿಯುವುದು ಮಾಫಿ, ಅವ್ವನ ಕಾನೂನು ಇನ್ನೂ ಜಾರಿಯಲ್ಲಿದೆ. ಚೀಲ ಬಾಯಿತನಕ ತುಂಬಿದೆ. ಬಾಲವನ್ನು ಬೇಕಾದರೆ ಗೋವಾದವರೆಗೆ ಎಳೆ. ಆದರೆ ಅಪ್ಪನನ್ನು ಮನೆಗೆ ಕರೆದುಕೊಂಡು ಬಾ.

ನಿನ್ನ ದಾರಿ ಕಾಯುತ್ತಿರುವ,
ಕಾಂತಕ್ಕ

ತಾ.ಕ.: ಅವ್ವ ನನಗೊಬ್ಬಳಿಗೇ ಹೇಳಿದ್ದನ್ನು ಈಗ ನಿನಗೂ ಹೇಳುತ್ತೇನೆ, ಶಶಿಧರನ ಕಿವಿಗೆ ಬೀಳಬಾರದು. ಅವತ್ತು ದಾರಿಯಲ್ಲಿ ಹುಲಿಯೂ ಇರಲಿಲ್ಲ, ನಾಯಿಯೂ ಇರಲಿಲ್ಲ. ಅಪ್ಪ ನಂದಗಡದಲ್ಲಿ ಕಂಪನಿ ನಾಟಕ ನೋಡುತ್ತ ಕೂತಿದ್ದ. ತಡವಾದದ್ದಕ್ಕೆ ಅವ್ವನ ಮುಂದೆ ಹುಲಿಯನ್ನು ತಂದು ನಿಲ್ಲಿಸಿದ. ಮರುದಿನ ಜಳಕ ಮಾಡುತ್ತ ಹೊಸ ನಾಟಕದ ಪದ ಗುನುಗಿ ಸಿಕ್ಕಿಬಿದ್ದ. ಗೊತ್ತಿದ್ದೂ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದು ಕೇಳಿದ್ದಕ್ಕೆ ಅವ್ವ ಅಂದಳು: "ಖರೇ ಹುಲಿ ಆಗಿದ್ರ ಅವತ್ತ ಅಡವಿಗೆ ಹೋಗಿಬಿಡ್ತಿತ್ತು. ಸುಳ್ಳ ಹುಲಿ ನೋಡು, ಮನ್ಯಾಗ ಉಳೀತು. ನಾಗ್ಯಾ ಅದನ್ನ ಚೊಲೋ ಸಾಕ್ಯಾನ, ಸಾಕ್ಲಿ ಬಿಡು."