ಕಾರ್ಡಿಲ್ಲದ ಮಗು

ಶುಕ್ರವಾರ, ೧೪ ಮಾರ್ಚ್ ೨೦೨೫

ಎಚ್. ವಿ. ಸರಳಾಂಬ, ಮೂವತ್ತನಾಲ್ಕು ವರ್ಷ ಕನ್ನಡ ಶಾಲೆಯ ಶಿಕ್ಷಕಿ. ವೈದ್ಯಾಧಿಕಾರಿಗಳಿಗೆ ಬರೆಯಬೇಕಾದ ಪತ್ರ ಈ ಸಾಲನ್ನು ದಾಟುತ್ತಿಲ್ಲ.

ಕಳೆದ ತಿಂಗಳು ನಿರಾಶ್ರಿತರ ಶಿಬಿರದಲ್ಲಿ ಲಸಿಕೆಯ ದಿನ ಸ್ವಯಂಸೇವಕಿಯಾಗಿ ಹೆಸರು ಬರೆದುಕೊಳ್ಳುತ್ತಿದ್ದವಳು ನಾನು. ಯೋಗಮಲರ್ ತನ್ನ ಒಂಬತ್ತು ತಿಂಗಳ ಮಗಳನ್ನು ದಡಾರದ ಚುಚ್ಚುಮದ್ದಿಗೆ ತಂದಿದ್ದಳು. ಮಗುವಿನ ಲಸಿಕೆ ಕಾರ್ಡು ಅವಳು ಕೂಲಿಗೆ ಹೋಗುವ ಬೇರಿಕೆ ಊರಿನ ಹೂದೋಟದಲ್ಲಿ ಉಳಿದಿತ್ತು. ವರ್ಗಾವಣೆ ಪತ್ರವಿಲ್ಲದೆ ಒಂದು ಮಗುವನ್ನೂ ಶಾಲೆಗೆ ಸೇರಿಸಿಕೊಂಡವಳಲ್ಲ ನಾನು. ಮುಂದಿನ ತಿಂಗಳು ಬಾ ಎಂದು ಕಳುಹಿಸಿಬಿಟ್ಟೆ. ಕಾರ್ಡಿಲ್ಲದೆಯೂ ಹಾಕಬಹುದಿತ್ತಂತೆ. ಮಗು ಸೋಮವಾರ ದಡಾರದಿಂದ ತೀರಿಕೊಂಡಿತು. ಲಸಿಕೆ ಏಕೆ ತಪ್ಪಿತೆಂದು ವೈದ್ಯಾಧಿಕಾರಿಗಳು ಕೇಳಿದ್ದಾರೆ.

ಆ ದಿನ ನನ್ನ ಪಕ್ಕದಲ್ಲೇ ಚುಚ್ಚುಮದ್ದು ಹಾಕುತ್ತಿದ್ದ ನರ್ಸ್ ಶಶಿಕಲಾ, ನನ್ನ ಹಳೆಯ ವಿದ್ಯಾರ್ಥಿನಿ, ಇಂದು ಸಂಜೆ ಬಂದಿದ್ದಳು.

"ಟೀಚರಮ್ಮ, ತಾಯೇ ಬರ್ನಿಲ್ಲ ಅಂತ ಬರ್ದ್ಬುಡಿ. ಇಲ್ದಿದ್ರೆ ನನ್ ಕೆಲ್ಸ ಹೋಯ್ತದೆ."

"ಕಾರ್ಡು ಬೇಕಿಲ್ಲ ಅಂತ ನಿನಗೆ ಗೊತ್ತಿತ್ತಲ್ಲ, ಆಗಲೇ ಯಾಕೆ ಹೇಳಲಿಲ್ಲ?"

"ನಿಮ್ ಮುಂದೆ ಇವತ್ಗೂ ನಂಗೆ ಬಾಯಿ ಬರಲ್ಲ."

ನಿಜ ಬರೆದರೆ ಇವಳ ಕೆಲಸ ಹೋಗುತ್ತದೆ. ಸುಳ್ಳು ಬರೆದರೆ ಮಗುವನ್ನು ಕಳೆದುಕೊಂಡವಳೇ ತಪ್ಪಿತಸ್ಥೆಯಾಗುತ್ತಾಳೆ. ಅವಳಿಗೆ ತಿರುಗಿ ಹೇಳಲು ಕನ್ನಡ ಓದು ಬರಹವೂ ಇಲ್ಲ, ಊರೂ ಇಲ್ಲ.

ಲಗತ್ತುಗಳನ್ನಾದರೂ ಮೊದಲು ಬರೆದಿಡುತ್ತೇನೆ. ಆ ದಿನದ ಪಟ್ಟಿ, ತಾಯಿ ಮಗು ಬಂದದ್ದು ನನ್ನ ಕೈಬರಹದಲ್ಲಿ. ಮರುದಿನವೇ ಯೋಗಮಲರ್ ಓಡಿ ಬಂದು ಕೊಟ್ಟ, ಮುಂದಿನ ತಿಂಗಳಿಗೆಂದು ನಾನು ತೆಗೆದಿರಿಸಿಕೊಂಡ ಕಾರ್ಡು.